ಪಿಕಪ್ ವಾಹನದ ಹಿಂಬದಿ ಡಿಫರೆನ್ಷಿಯಲ್: ಹಿಡಿತಕ್ಕಾಗಿ ಮಾಡುವ ವೆಚ್ಚ ಮತ್ತು ಅದರ ಲೆಕ್ಕ

ಧಾರವಾಡ ಜಿಲ್ಲೆಯ ರೈತರು ನೆಲವನ್ನು ಎರೆ ಮತ್ತು ಮಸಾರಿ ಎಂದು ವಿಂಗಡಿಸುವುದು ರೂಢಿ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಕಪ್ಪು ಎರೆಯದೇ ಪ್ರಾಧಾನ್ಯ. ಕಲಘಟಗಿ, ಅಳ್ನಾವರದತ್ತ ಸಾಗಿದಂತೆ ಕೆಂಪು ಮಸಾರಿ ಕಾಣಿಸಿಕೊಂಡು ಮಲೆನಾಡಿನ ಸೆರಗು ಆರಂಭವಾಗುತ್ತದೆ. ಬೆಳೆಯ ಆಯ್ಕೆಗೆ ಸಂಬಂಧಿಸಿದ ಈ ವಿಂಗಡಣೆ ಹುಬ್ಬಳ್ಳಿ-ಧಾರವಾಡದ ವ್ಯಾಪಾರಸ್ಥರಿಗೂ ಸಣ್ಣ ಉದ್ದಿಮೆದಾರರಿಗೂ ಮತ್ತೊಂದು ಕಾರಣದಿಂದ ಮುಖ್ಯವಾಗಿದೆ. ಅವರ ಪಿಕಪ್ ವಾಹನಗಳು ಮಳೆಗಾಲದಲ್ಲಿ ಎಲ್ಲಿ ಹೂತುಕೊಳ್ಳುತ್ತವೆ, ಹೇಗೆ ಹೂತುಕೊಳ್ಳುತ್ತವೆ ಎಂಬುದನ್ನು ನಿರ್ಧರಿಸುವುದು ಈ ನೆಲವೇ.

ಮುಂಗಾರಿನ ಉಳ್ಳಾಗಡ್ಡಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಕೀಳಿಗೆ ಬರುತ್ತದೆ. ಹಿಂಗಾರು ಮಳೆಯೂ ಅದೇ ಹೊತ್ತಿಗೆ ಬರುತ್ತದೆ. ಹೊಲದ ಬದುವಿನಿಂದ ಡಾಂಬರು ರಸ್ತೆಗೆ ಏರಬೇಕಾದ ಅರ್ಧ ಫರ್ಲಾಂಗು ದಾರಿಯಲ್ಲಿ ವಾಹನ ಸಿಲುಕಿದರೆ ಟ್ರ್ಯಾಕ್ಟರ್ ಕರೆಸಬೇಕು, ಹಮಾಲರನ್ನು ಕಾಯಿಸಬೇಕು. ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಆ ದಿನದ ಸವಾಲು ಮುಗಿದುಹೋದರೆ ತೊಯ್ದ ಮಾಲನ್ನು ಮರುದಿನದ ದರಕ್ಕೆ ಒಪ್ಪಿಸಬೇಕು. ಸರಕಿನ ಬೆಲೆಯಲ್ಲಿ ಆಗುವ ಈ ಇಳಿಕೆ ಬಹುತೇಕ ಅಂಗಡಿಗಳ ಲೆಕ್ಕಪುಸ್ತಕದಲ್ಲಿ ‘ವಾಹನ ವೆಚ್ಚ’ ಎಂಬ ಶೀರ್ಷಿಕೆಯಡಿ ಬರುವುದೇ ಇಲ್ಲ. ವ್ಯಾಪಾರದ ನಷ್ಟದಲ್ಲಿ ಸದ್ದಿಲ್ಲದೆ ಸೇರಿಹೋಗುತ್ತದೆ.

ಇಂಥ ಅನುಭವ ಎರಡು-ಮೂರು ಬಾರಿ ಆದ ಮಾಲೀಕನಿಗೆ ದೊರೆಯುವ ಸಲಹೆಗಳಲ್ಲಿ ಒಂದು, ಹಿಂಬದಿ ಆಕ್ಸಲ್‌ನ ಡಿಫರೆನ್ಷಿಯಲ್ ಬದಲಾಯಿಸಿ ಹೆಚ್ಚು ಹಿಡಿತವುಳ್ಳದ್ದನ್ನು ಹಾಕಿಸುವುದು. ಸಲಹೆ ತಪ್ಪಲ್ಲ. ಆದರೆ ಅದು ಯಾವ ಸಂದರ್ಭದಲ್ಲಿ ಫಲ ನೀಡುತ್ತದೆ, ಯಾವ ಸಂದರ್ಭದಲ್ಲಿ ನೀಡದು ಎಂಬುದನ್ನು ತಿಳಿಯದೆ ಹಣ ತೊಡಗಿಸಿದವರು ಮುಂದಿನ ಮಳೆಗಾಲದಲ್ಲೂ ಅದೇ ಬದುವಿನಲ್ಲಿ ಸಿಲುಕುವ ಸಾಧ್ಯತೆ ಸಾಕಷ್ಟಿದೆ.

ಚಕ್ಕಡಿಗೆ ಬೇಡವಾದದ್ದು ಮೋಟಾರಿಗೆ ಬೇಕಾಯಿತು

ಚಕ್ಕಡಿಯ ಎರಡು ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನ ಗಾಲಿ ಕಡಿಮೆ ದೂರ ಕ್ರಮಿಸಿದರೂ ತೊಂದರೆಯಿಲ್ಲ. ಏಕೆಂದರೆ ಎತ್ತುಗಳು ಎಳೆಯುವುದು ಬಂಡಿಯನ್ನು, ಗಾಲಿಯನ್ನಲ್ಲ. ಎಂಜಿನ್ ಗಾಲಿಯನ್ನೇ ತಿರುಗಿಸಬೇಕಾಗಿ ಬಂದಾಗ ಸಮಸ್ಯೆ ಹುಟ್ಟಿತು. ಎರಡು ಗಾಲಿಗಳಿಗೂ ಶಕ್ತಿ ಹೋಗಬೇಕು, ಆದರೂ ಅವು ಬೇರೆಬೇರೆ ವೇಗದಲ್ಲಿ ತಿರುಗಬೇಕು. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಕರ್ 1820ರ ದಶಕದ ಕೊನೆಯಲ್ಲಿ ಹಬೆಯ ಬಂಡಿಗಾಗಿ ಪೇಟೆಂಟ್ ಪಡೆದ ಹಲ್ಲುಚಕ್ರಗಳ ಜೋಡಣೆಯೇ ಇಂದಿನ ಡಿಫರೆನ್ಷಿಯಲ್‌ನ ಮೂಲ. ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದ, ಹಿಂಬದಿ ಗಾಲಿಗಳಿಂದ ಚಲಿಸುವ ಎಲ್ಲ ಸಣ್ಣ ಸರಕು ವಾಹನಗಳಲ್ಲೂ ಕ್ರೌನ್ ಗೇರಿನ ಒಡಲಲ್ಲಿ ಈ ಜೋಡಣೆ ಇದೆ.

ಸಾಮಾನ್ಯ ಡಿಫರೆನ್ಷಿಯಲ್‌ನ ಗುಣವೇ ಅದರ ದೋಷವೂ ಹೌದು. ಅದು ಎರಡು ಗಾಲಿಗಳಿಗೂ ಸರಿಸಮಾನ ತಿರುಗುಬಲವನ್ನೇ ಕೊಡುತ್ತದೆ. ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ಅದು ತಡೆದುಕೊಳ್ಳುವಷ್ಟು ಅಲ್ಪ ಬಲವೇ ಡಾಂಬರಿನ ಮೇಲಿರುವ ಇನ್ನೊಂದು ಗಾಲಿಗೂ ದೊರೆಯುತ್ತದೆ. ‘ಒಂದೇ ಗಾಲಿ ಸುತ್ತುತ್ತದೆ, ಇನ್ನೊಂದು ಅಲುಗುವುದಿಲ್ಲ’ ಎಂದು ಚಾಲಕರು ಹೇಳುವ ದೂರಿಗೆ ಕಾರಣ ಇದೇ. ಟ್ರ್ಯಾಕ್ಟರ್ ಬಳಸುವ ರೈತರಿಗೆ ಇದರ ಪರಿಹಾರ ಹೊಸದಲ್ಲ. ಅವರ ಕಾಲಬಳಿ ಇರುವ ಡಿಫರೆನ್ಷಿಯಲ್ ಲಾಕ್ ಪೆಡಲನ್ನು ಒತ್ತಿದರೆ ಎರಡು ಗಾಲಿಗಳೂ ಒಂದಾಗಿ ತಿರುಗುತ್ತವೆ. ನೇರ ಸಾಗುವಾಗ ಮಾತ್ರ ಒತ್ತಬೇಕು, ತಿರುವಿಗೆ ಮುನ್ನ ಬಿಡಬೇಕು ಎಂಬುದೂ ಅವರಿಗೆ ಗೊತ್ತು. ಪಿಕಪ್ ಕೊಳ್ಳುವ ವ್ಯಾಪಾರಸ್ಥನಿಗೆ ಈ ಜ್ಞಾನ ಅಷ್ಟಾಗಿ ತಲುಪಿಲ್ಲ.

ಅಂಕಿಗಳಲ್ಲಿ ಹೇಳುವುದಾದರೆ

ಒಟ್ಟು ತೂಕ 3,000 ಕಿಲೋಗ್ರಾಂ ಇರುವ, ಸರಕು ತುಂಬಿದ ಒಂದು ಪಿಕಪ್ ಎಂದು ಭಾವಿಸಬಹುದು. ಅದರಲ್ಲಿ 1,900 ಕಿಲೋಗ್ರಾಂ ಹಿಂಬದಿ ಆಕ್ಸಲ್ ಮೇಲೆ, ಅಂದರೆ ಪ್ರತಿ ಗಾಲಿಯ ಮೇಲೆ 950 ಕಿಲೋಗ್ರಾಂ. ಒದ್ದೆ ಡಾಂಬರಿನ ಹಿಡಿತ ಆ ತೂಕದ ಅರ್ಧದಷ್ಟು, ನೆನೆದ ಎರೆಯ ಹಿಡಿತ ಹತ್ತನೆಯ ಒಂದು ಭಾಗ ಎಂದು ಇರಿಸಿಕೊಂಡರೆ, ಡಾಂಬರಿನ ಮೇಲಿನ ಗಾಲಿ 475 ಕಿಲೋಗ್ರಾಂ ಬಲವನ್ನು ನೆಲಕ್ಕೆ ಕೊಡಬಲ್ಲದು. ಎರೆಯಲ್ಲಿರುವ ಗಾಲಿ ಕೇವಲ 95. ಮೆತ್ತನೆಯ ನೆಲದ ಉರುಳು ತಡೆಗೆ ತೂಕದ ಶೇ. 5 ಮತ್ತು ರಸ್ತೆಗೆ ಏರುವ ಶೇ. 4ರ ಇಳಿಜಾರಿಗೆ ಮತ್ತೆ ಶೇ. 4 ಸೇರಿಸಿದರೆ ವಾಹನ ಮುಂದೆ ಸಾಗಲು ಬೇಕಾದ ಬಲ 270 ಕಿಲೋಗ್ರಾಂ.

ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ದೊರೆಯುವುದು 95ರ ಎರಡರಷ್ಟು, ಅಂದರೆ 190. ವಾಹನ ನಿಂತಿತು. ಲಿಮಿಟೆಡ್ ಸ್ಲಿಪ್ ಎಂಬ ಬಗೆಯದು ಹಿಡಿತವಿರುವ ಗಾಲಿಗೆ ಇನ್ನೊಂದರ ಎರಡೂವರೆ ಪಟ್ಟು ಬಲ ಕೊಡಬಲ್ಲದಾದರೆ ಒಟ್ಟು 332. ವಾಹನ ಹೊರಬಂದಿತು. ಪೂರ್ಣ ಲಾಕ್ ಆಗುವ ಬಗೆಯಲ್ಲಿ 95 ಮತ್ತು 475 ಕೂಡಿ 570.

ಇನ್ನು ಎರಡು ಗಾಲಿಗಳೂ ಎರೆಯಲ್ಲೇ ಇದ್ದರೆ? ಸಾಮಾನ್ಯ ಬಗೆಯಲ್ಲಿ 190, ಲಿಮಿಟೆಡ್ ಸ್ಲಿಪ್‌ನಲ್ಲೂ 190, ಲಾಕರ್‌ನಲ್ಲೂ 190. ಎಷ್ಟೇ ಬೆಲೆಯ ಡಿಫರೆನ್ಷಿಯಲ್ ಆದರೂ ನೆಲದಲ್ಲಿ ಇರುವ ಹಿಡಿತವನ್ನು ಬಳಸಿಕೊಳ್ಳಬಲ್ಲದೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು. ಹೊಲದ ನಡುವೆ ಎರಡು ಗಾಲಿಗಳೂ ಅಚ್ಚಿನ ಮಟ್ಟಕ್ಕೆ ಇಳಿದ ವಾಹನಕ್ಕೆ ಟ್ರ್ಯಾಕ್ಟರೇ ಗತಿ. ಎರೆಯ ಜೇಡಿ ನೀರು ಕುಡಿದು ಉಬ್ಬುವ ಸ್ವಭಾವದ್ದು. ಟೈರಿನ ಪಡಿಗಳ ಸಂದುಗಳನ್ನು ತುಂಬಿ ಗಾಲಿಯನ್ನು ನುಣ್ಣನೆಯ ಉರುಳೆಯನ್ನಾಗಿ ಮಾಡುತ್ತದೆ.

ಖಾಲಿ ವಾಹನದ ಲೆಕ್ಕ ಬೇರೆ. ಸರಕು ಇಳಿಸಿದ ಮೇಲೆ ಒಟ್ಟು ತೂಕ 1,650 ಕಿಲೋಗ್ರಾಂ ಆದರೆ ಹಿಂಬದಿ ಗಾಲಿಯೊಂದರ ಮೇಲೆ ಸುಮಾರು 325 ಮಾತ್ರ ಉಳಿಯುತ್ತದೆ. ಹಿಂದಿನ ಉದಾಹರಣೆಯ ಸ್ಥಿತಿಯಲ್ಲೇ, ಒಂದು ಗಾಲಿ ಡಾಂಬರು, ಇನ್ನೊಂದು ಎರೆ, ಬೇಕಾದ ಬಲ ಸುಮಾರು 148. ಸಾಮಾನ್ಯ ಬಗೆಯದು ಕೊಡುವುದು 65, ಲಿಮಿಟೆಡ್ ಸ್ಲಿಪ್ 114, ಲಾಕರ್ 195. ತುಂಬಿದಾಗ ಸಾಕಾಗಿದ್ದ ಲಿಮಿಟೆಡ್ ಸ್ಲಿಪ್ ಖಾಲಿಯಾದಾಗ ಸಾಲದು. ಗಾಡಿ ತುಂಬಿದ್ದಾಗ ಬಂತು, ಖಾಲಿ ಹೋಗುವಾಗ ಸಿಕ್ಕಿತು ಎಂದು ಚಾಲಕ ಹೇಳಿದರೆ ಅವನ ಮೇಲೆ ಸಂಶಯಪಡುವ ಮಾಲೀಕರು ಈ ಅಂಕಿಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ಯಾವ ಬಗೆ, ಯಾವ ಕೆಲಸಕ್ಕೆ

ಲಿಮಿಟೆಡ್ ಸ್ಲಿಪ್ ಬಗೆಯಲ್ಲಿ ಘರ್ಷಣೆಯ ತಟ್ಟೆಗಳಿರುತ್ತವೆ. ಅವು ಕ್ಲಚ್ ತಟ್ಟೆಗಳಂತೆ ಕಾಲಕ್ರಮೇಣ ಸವೆಯುತ್ತವೆ. ಅವುಗಳಿಗೆ ವಿಶೇಷ ಸೇರ್ಪಡೆಯುಳ್ಳ ಆಯಿಲ್ ಬೇಕು. ಸಾಮಾನ್ಯ ಗೇರ್ ಆಯಿಲ್ ಹಾಕಿದರೆ ತಿರುವಿನಲ್ಲಿ ಕಟಕಟ ಸದ್ದು ಬಂದು ತಟ್ಟೆಗಳು ಹಾಳಾಗುತ್ತವೆ. ಹಲ್ಲುಚಕ್ರಗಳಿಂದಲೇ ಬಲ ಹಂಚುವ ಟಾರ್ಸೆನ್ ಎಂಬುದು ಮತ್ತೊಂದು ಬಗೆ. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಇದರ ಪೇಟೆಂಟ್ ಪಡೆದರು. ಸವೆತ ಕಡಿಮೆ, ಆದರೆ ಒಂದು ಗಾಲಿ ಪೂರ್ತಿ ಗಾಳಿಯಲ್ಲಿ ತೇಲಿದರೆ ಅದು ನಿರುಪಯುಕ್ತ, ಏಕೆಂದರೆ ಸೊನ್ನೆಯ ಎಷ್ಟು ಪಟ್ಟಾದರೂ ಸೊನ್ನೆಯೇ.

ತಾನಾಗಿಯೇ ಲಾಕ್ ಆಗುವ ಯಾಂತ್ರಿಕ ಬಗೆಯು 2015ರಲ್ಲಿ ಮಹೀಂದ್ರ ಥಾರ್‌ನ ಪರಿಷ್ಕೃತ ಮಾದರಿಯ ಹಿಂಬದಿ ಆಕ್ಸಲ್‌ನಲ್ಲಿ ಬಂದಿತು. ಅದು ಈಟನ್ ಕಂಪನಿಯದು. ಎರಡು ಗಾಲಿಗಳ ವೇಗದ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತುಗಳ ವ್ಯತ್ಯಾಸ ಬಂದೊಡನೆ ಅದು ಬಂಧಿಸುತ್ತದೆ. ವೇಗ ಹೆಚ್ಚಿದ್ದಾಗ ಬಂಧಿಸದಂತೆ ತಡೆಯೂ ಇದೆ. ಚಾಲಕ ಏನನ್ನೂ ಒತ್ತಬೇಕಾಗಿಲ್ಲ. ವ್ಯಾಪಾರಸ್ಥನ ವಾಹನವನ್ನು ಓಡಿಸುವವರು ಆಗಾಗ ಬದಲಾಗುತ್ತಾರೆ ಎಂಬುದನ್ನು ಗಮನಿಸಿದರೆ ಇದೊಂದು ದೊಡ್ಡ ಅನುಕೂಲ. ಗುಂಡಿ ಒತ್ತಿ ಗಾಳಿಯ ಒತ್ತಡದಿಂದಲೋ ವಿದ್ಯುತ್ತಿನಿಂದಲೋ ಲಾಕ್ ಮಾಡುವ ಬಗೆಯದು ಇನ್ನೂ ಬಲಿಷ್ಠ, ಇನ್ನೂ ದುಬಾರಿ. ಅದರ ಯಶಸ್ಸು ಗುಂಡಿ ಒತ್ತುವ ಬೆರಳಿನ ವಿವೇಕವನ್ನು ಅವಲಂಬಿಸಿದೆ.

ಇವೆಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ. ಒಳಗಿನ ಸಣ್ಣ ಹಲ್ಲುಚಕ್ರಗಳನ್ನು ವೆಲ್ಡಿಂಗ್ ಮಾಡಿ ಡಿಫರೆನ್ಷಿಯಲನ್ನು ಶಾಶ್ವತವಾಗಿ ಬಂಧಿಸುವುದು. ಕೆಸರಿನಲ್ಲಿ ಇದು ಬೆಲೆಬಾಳುವ ಲಾಕರ್‌ನಷ್ಟೇ ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಅದೇ ವಾಹನ ಮರುದಿನ ಸರಕು ಹೇರಿಕೊಂಡು ಯಲ್ಲಾಪುರ ದಾಟಿ ಅರೆಬೈಲು ಘಟ್ಟ ಇಳಿಯುತ್ತದೆ. ತಿರುವಿನಲ್ಲಿ ಒಳಗಾಲಿಯೂ ಹೊರಗಾಲಿಯೂ ಒಂದೇ ವೇಗದಲ್ಲಿ ತಿರುಗಲೇಬೇಕಾದಾಗ ಟೈರುಗಳು ಉಜ್ಜಿಕೊಂಡು ಸವೆಯುತ್ತವೆ, ಆಕ್ಸಲ್ ದಂಡಗಳು ತಿರುಚುತ್ತವೆ. ಒದ್ದೆ ರಸ್ತೆಯಲ್ಲಿ ವಾಹನದ ಹಿಂಭಾಗ, ವಿಶೇಷವಾಗಿ ಖಾಲಿ ಇದ್ದಾಗ, ಹೊರಕ್ಕೆ ಜಾರುತ್ತದೆ. ಟ್ರ್ಯಾಕ್ಟರಿನ ಪೆಡಲಿಗೆ ‘ಬಿಡು’ ಎನ್ನಬಹುದು, ವೆಲ್ಡಿಂಗ್‌ಗೆ ಹಾಗೆನ್ನಲಾಗದು. ಕೆಲವು ಸಾವಿರ ರೂಪಾಯಿಗಳ ಉಳಿತಾಯಕ್ಕಾಗಿ ಚಾಲಕನ ಪ್ರಾಣವನ್ನು ಘಟ್ಟದ ತಿರುವಿನಲ್ಲಿ ಒತ್ತೆ ಇಡುವ ಈ ಪದ್ಧತಿಯನ್ನು ಯಾವ ಲೆಕ್ಕದಿಂದಲೂ ಸಮರ್ಥಿಸಲಾಗದು.

ಕ್ರೌನ್-ಪಿನಿಯನ್ ಅನುಪಾತ ಬದಲಾಯಿಸುವುದನ್ನೂ ಕೆಲವೊಮ್ಮೆ ‘ಹಿಡಿತ ಹೆಚ್ಚಿಸುವ’ ಕ್ರಮವೆಂದು ಹೇಳಲಾಗುತ್ತದೆ. ಇದು ಗೊಂದಲದ ಮಾತು. ಅನುಪಾತ ಹೆಚ್ಚಿದರೆ ಗಾಲಿಗೆ ತಲುಪುವ ಬಲ ಹೆಚ್ಚುತ್ತದೆ, ಏರುದಾರಿಯಲ್ಲಿ ಎಳೆತ ಸುಧಾರಿಸುತ್ತದೆ. ಆದರೆ ಮೊದಲೇ ಜಾರುತ್ತಿರುವ ಗಾಲಿಗೆ ಮತ್ತಷ್ಟು ಬಲ ಕೊಟ್ಟರೆ ಅದು ಮತ್ತಷ್ಟು ಬೇಗ ಜಾರುತ್ತದೆ, ಅಷ್ಟೆ. ಹೆದ್ದಾರಿಯಲ್ಲಿ ಎಂಜಿನ್ ಹೆಚ್ಚು ಸುತ್ತಿ ಡೀಸೆಲ್ ಖರ್ಚೂ ಏರುತ್ತದೆ.

ಟ್ರಿಪ್ ಪುಸ್ತಕದಲ್ಲಿ ಒಂದು ಕಾಲಂ

ಹಾಗಾದರೆ ಈ ವೆಚ್ಚ ಯಾರಿಗೆ ಯೋಗ್ಯ? ಉತ್ತರ ಗ್ಯಾರೇಜಿನಲ್ಲಿಲ್ಲ, ಮಾಲೀಕನ ಟ್ರಿಪ್ ಪುಸ್ತಕದಲ್ಲಿದೆ, ಅಥವಾ ಇರಬೇಕಿತ್ತು. ವಾಹನ ಸಿಲುಕಿದಾಗಲೆಲ್ಲ ದಿನಾಂಕ, ಸ್ಥಳ, ತುಂಬಿತ್ತೋ ಖಾಲಿಯೋ, ಸುತ್ತುತ್ತಿದ್ದುದು ಒಂದು ಗಾಲಿಯೋ ಎರಡೋ, ಹೊರತೆಗೆಯಲು ತಗುಲಿದ ಖರ್ಚು ಮತ್ತು ಸರಕಿನ ದರದಲ್ಲಾದ ನಷ್ಟ ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಸಾಕು. ಒಂದು ಮಳೆಗಾಲದ ದಾಖಲೆ ಯಾವ ಪರಿಣತನ ಅಭಿಪ್ರಾಯಕ್ಕಿಂತಲೂ ಹೆಚ್ಚು ಹೇಳುತ್ತದೆ.

ಉದಾಹರಣೆಗೆ, ನವಲಗುಂದ ಭಾಗದ ಹೊಲಗಳಿಂದ ಉಳ್ಳಾಗಡ್ಡಿ ತರುವ ದಲಾಲಿ ವರ್ತಕನ ವಾಹನ ವರ್ಷಕ್ಕೆ 9 ಬಾರಿ ಸಿಲುಕಿತು, ಅವುಗಳಲ್ಲಿ 5 ಬಾರಿ ಎರಡೂ ಗಾಲಿಗಳು ಹೂತಿದ್ದವು ಎಂದು ಭಾವಿಸಿದರೆ, ಡಿಫರೆನ್ಷಿಯಲ್ ನೆರವಾಗುವುದು ಉಳಿದ 4ರಲ್ಲಿ ಮಾತ್ರ. ಸಲಕ್ಕೆ 3,000 ರೂ.ಗಳಂತೆ ಉಳಿತಾಯ 12,000 ರೂ. ಹೆಚ್ಚುವರಿ ಆಯಿಲ್ ಮತ್ತು ನಿರ್ವಹಣೆಗೆ 2,500 ರೂ. ಕಳೆದರೆ 9,500 ರೂ. ಬಿಡಿಭಾಗ ಮತ್ತು ಕೂಲಿ ಸೇರಿ 55,000 ರೂ. ಬಿದ್ದಿದ್ದರೆ, ಜಿಎಸ್‌ಟಿ ಬಿಟ್ಟು ಲೆಕ್ಕ ಹಾಕಿದರೂ, ಹಣ ಮರಳಲು ಸುಮಾರು 5 ವರ್ಷ 10 ತಿಂಗಳು ಬೇಕು. ಇಂಥವರು ಮೊದಲು ಮಾಡಬೇಕಾದುದು ಆಳವಾದ ಪಡಿಗಳಿರುವ ಹಿಂಬದಿ ಟೈರುಗಳನ್ನು ಹಾಕಿಸುವುದು. ಅವು ಎರಡು ಗಾಲಿ ಹೂತ ಸಂದರ್ಭಗಳಲ್ಲೂ ಅಷ್ಟಿಷ್ಟು ನೆರವಾಗುತ್ತವೆ. ಟೈರಿನ ಪಡಿಯ ಆಳ ಕಾನೂನಿನ ಕನಿಷ್ಠ ಮಿತಿಯಾದ 1.6 ಮಿಲಿಮೀಟರಿಗೆ ಸವೆಯುವವರೆಗೆ ಓಡಿಸುವುದು ಡಾಂಬರಿನ ಮೇಲೆ ನಡೆದೀತು; ಎರೆಯಲ್ಲಿ ಅದು ಬೋಳು ಟೈರಿಗೆ ಸಮ.

ಇನ್ನೊಂದೆಡೆ ಕಟ್ಟಡ ಸಾಮಗ್ರಿ ಸರಬರಾಜು ಮಾಡುವವನ ವಾಹನ ನಿವೇಶನಗಳ ಹೊಸ ಮಣ್ಣಿನಲ್ಲಿ, ಗಟಾರದ ಅಂಚಿನಲ್ಲಿ, ರಸ್ತೆಯ ಬದಿಯಲ್ಲಿ ವರ್ಷಕ್ಕೆ 20 ಬಾರಿ ಸಿಲುಕಿ, ಅಷ್ಟೂ ಬಾರಿ ಒಂದೇ ಗಾಲಿ ಸುತ್ತಿದ್ದರೆ ಉಳಿತಾಯ 60,000 ರೂ.; ನಿರ್ವಹಣೆ ಕಳೆದು 57,500 ರೂ. ಮೊದಲ ವರ್ಷದಲ್ಲೇ ವೆಚ್ಚ ಹುಟ್ಟಿತು. ಒಂದೇ ಬಿಡಿಭಾಗ, ಒಂದೇ ಬೆಲೆ. ಒಬ್ಬನಿಗೆ ವಿವೇಕ, ಮತ್ತೊಬ್ಬನಿಗೆ ಶೋಕಿ. ಹೊಸ ವಾಹನ ಕೊಳ್ಳುವ ಯೋಜನೆಯುಳ್ಳವರು ಕಾರ್ಖಾನೆಯಲ್ಲೇ ಲಾಕರ್ ಅಥವಾ ನಾಲ್ಕು ಗಾಲಿ ಚಾಲನೆಯನ್ನು ಅಳವಡಿಸಿದ ಮಾದರಿಗೆ ತಗುಲುವ ಹೆಚ್ಚುವರಿ ಬೆಲೆಯನ್ನೂ ವಿಚಾರಿಸಿ ನೋಡಬೇಕು. ಅದರಲ್ಲಿ ವಾರಂಟಿ ಉಳಿಯುತ್ತದೆ, ಮುಂದೆ ಹೇಳುವ ಕಾನೂನಿನ ತೊಡಕೂ ಇರುವುದಿಲ್ಲ.

ನೋಂದಣಿ, ವಿಮೆ, ವಾರಂಟಿ

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೇರಳದ ಪ್ರಕರಣವೊಂದರಲ್ಲಿ ಈ ನಿಯಮವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ.

ಡಿಫರೆನ್ಷಿಯಲ್‌ನ ಒಳಭಾಗ ನೋಂದಣಿ ಪತ್ರದಲ್ಲಿ ನಮೂದಾಗುವ ಸಂಗತಿಯಲ್ಲ. ಸಾಗಣೆ ವಾಹನದ ವಿಷಯದಲ್ಲಿ ಟೈರಿನ ಅಳತೆ, ಆಕ್ಸಲ್ ತೂಕ, ಒಡಲಿನ ಬಗೆ ನಮೂದಾಗುತ್ತವೆ. ಆದ್ದರಿಂದ ಅದೇ ಆಕ್ಸಲ್‌ನ ಒಳಗೆ ತಯಾರಕರೇ ಒಪ್ಪಿದ ಬಿಡಿಭಾಗ ಹಾಕಿಸುವುದು ಒಂದು ಮಾತು. ಬೇರೆ ವಾಹನದ ಆಕ್ಸಲನ್ನೇ ತಂದು ಜೋಡಿಸುವುದು, ಟೈರಿನ ಅಳತೆ ಬದಲಿಸುವುದು, ಎರಡು ಗಾಲಿ ಚಾಲನೆಯನ್ನು ನಾಲ್ಕು ಗಾಲಿಗೆ ಪರಿವರ್ತಿಸುವುದು ಬೇರೆಯೇ ಮಾತು. ಮೊದಲನೆಯದಕ್ಕೂ ತಯಾರಕರ ಅಥವಾ ಅಧಿಕೃತ ಮಾರಾಟಗಾರರ ಲಿಖಿತ ಒಪ್ಪಿಗೆ ಪಡೆದು, ವಿಮಾ ಕಂಪನಿಗೆ ಪತ್ರ ಬರೆದು ಸ್ವೀಕೃತಿ ಇಟ್ಟುಕೊಳ್ಳುವುದು ಕ್ಷೇಮ. ಅಪಘಾತದ ನಂತರ ಸಮೀಕ್ಷಕರು ಆಕ್ಸಲ್ ಬಿಚ್ಚಿಸಿದಾಗ ಬೆಳಕಿಗೆ ಬರುವ ಮಾರ್ಪಾಡು ಪರಿಹಾರದ ಹಕ್ಕನ್ನೇ ವಿವಾದಕ್ಕೆ ಒಳಪಡಿಸಬಹುದು. ಸಾಲದ ಮೇಲಿರುವ ವಾಹನವಾದರೆ ಹಣಕಾಸು ಸಂಸ್ಥೆಯ ಒಪ್ಪಿಗೆಯೂ ಬೇಕು.

ಹಿಡಿತ ಹೆಚ್ಚಿತೆಂದು ಹೆಚ್ಚು ಸರಕು ಹೇರುವ ಚಪಲವೂ ಹುಟ್ಟುತ್ತದೆ. ಡಿಫರೆನ್ಷಿಯಲ್ ಬದಲಾದರೂ ಸ್ಪ್ರಿಂಗ್, ಬ್ರೇಕ್, ನೋಂದಾಯಿತ ಒಟ್ಟು ತೂಕ ಯಾವುದೂ ಬದಲಾಗಿರುವುದಿಲ್ಲ. ಅಧಿಕ ಭಾರಕ್ಕೆ ಕಾಯಿದೆಯ 194ನೆಯ ಕಲಂ 2019ರ ತಿದ್ದುಪಡಿಯ ಅನಂತರ 20,000 ರೂ. ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ದಂಡ ಹೇಳುತ್ತದೆ.

ಲೆಕ್ಕಪುಸ್ತಕದಲ್ಲಿ ಇದರ ಸ್ಥಾನ

ಸವೆದ ಡಿಫರೆನ್ಷಿಯಲನ್ನು ತೆಗೆದು ಅದೇ ಬಗೆಯದನ್ನು ಹಾಕಿಸಿದರೆ ಅದು ರಿಪೇರಿ. ಇಡೀ ಮೊತ್ತ ಆ ವರ್ಷದ ವೆಚ್ಚ. ಸುಸ್ಥಿತಿಯಲ್ಲಿದ್ದುದನ್ನು ತೆಗೆದು ಉತ್ತಮವಾದುದನ್ನು ಹಾಕಿಸಿದರೆ ಪ್ರಶ್ನೆ ಏಳುತ್ತದೆ. 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ವೆಚ್ಚ ಮಾತ್ರ ಚಾಲ್ತಿ ರಿಪೇರಿ, ಹೊಸ ಆಸ್ತಿಯನ್ನೋ ಹೊಸ ಪ್ರಯೋಜನವನ್ನೋ ತರುವ ವೆಚ್ಚವಲ್ಲ ಎಂದು ಹೇಳಿದೆ. ಹಿಡಿತದ ಹೆಚ್ಚಳ ಹೊಸ ಪ್ರಯೋಜನವೇ. ಆದ್ದರಿಂದ ಅದನ್ನು ವಾಹನದ ಬೆಲೆಗೆ ಸೇರಿಸಿ ಸವಕಳಿ ಪಡೆಯುವುದು ವಿವಾದರಹಿತ ಮಾರ್ಗ. 1961ರ ಕಾಯಿದೆಯಡಿಯ ನಿಯಮಗಳಲ್ಲಿ ಸ್ವಂತ ವ್ಯಾಪಾರಕ್ಕೆ ಬಳಸುವ ಸರಕು ವಾಹನಕ್ಕೆ ಶೇ. 15, ಬಾಡಿಗೆಗೆ ಓಡಿಸುವ ವ್ಯವಹಾರದಲ್ಲಿನ ಲಾರಿಗೆ ಶೇ. 30 ಸವಕಳಿ ನಿಗದಿಯಾಗಿತ್ತು. 2025ರ ಆದಾಯ ತೆರಿಗೆ ಕಾಯಿದೆಯ ಜಾರಿಯ ದಿನಾಂಕ 2026ರ ಏಪ್ರಿಲ್ 1. ಕಲಮುಗಳ ಸಂಖ್ಯೆ ಬದಲಾದರೂ ರಿಪೇರಿ ಮತ್ತು ಬಂಡವಾಳ ವೆಚ್ಚದ ಭೇದವನ್ನು ಅದು ಕೈಬಿಟ್ಟಿಲ್ಲ. ಹಳೆಯದು ನಿಜವಾಗಿ ಸವೆದಿದ್ದರೆ ಮೆಕ್ಯಾನಿಕ್‌ನ ಲಿಖಿತ ಟಿಪ್ಪಣಿ ಬಿಲ್ಲಿನೊಂದಿಗೆ ಇರಲಿ. ಬಾಡಿಗೆ ವಾಹನಗಳಿಗೆ ತಿಂಗಳಿಗೆ 7,500 ರೂ.ಗಳಂತೆ ಅಂದಾಜು ಆದಾಯ ಘೋಷಿಸುವವರಿಗೆ ಈ ಚರ್ಚೆಯೇ ಅನ್ವಯಿಸದು. ಎಲ್ಲ ವೆಚ್ಚವೂ ಆ ಅಂದಾಜಿನಲ್ಲೇ ಅಡಕ.

ಗ್ಯಾರೇಜುಗಳ ವ್ಯವಹಾರ ಹೆಚ್ಚಾಗಿ ನಗದಿನಲ್ಲಿ ನಡೆಯುತ್ತದೆ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟರೆ ಅದು ವೆಚ್ಚವಾಗಿಯೂ ಒಪ್ಪಿಗೆಯಾಗದು, ಆಸ್ತಿಯ ಬೆಲೆಯಲ್ಲೂ ಸೇರದು. 55,000 ರೂ. ನಗದು ಕೊಟ್ಟು ಚೀಟಿ ತಂದವನು ತೆರಿಗೆಯ ದೃಷ್ಟಿಯಲ್ಲಿ ಏನನ್ನೂ ಖರ್ಚು ಮಾಡಿಲ್ಲ.

ಜಿಎಸ್‌ಟಿಯಲ್ಲಿ ಈಚೆಗೆ ಒಂದು ಅನುಕೂಲವಾಗಿದೆ. ಶೇ. 28 ಇದ್ದ ವಾಹನ ಬಿಡಿಭಾಗಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಸರಕು ಸಾಗಿಸುವ ವಾಹನಕ್ಕೆ ಹೂಡುವಳಿ ತೆರಿಗೆ ಜಮೆಗೆ ನಿರ್ಬಂಧವಿಲ್ಲ. ಆದರೆ ತೆರಿಗೆ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿಯನ್ನೂ ಪಡೆಯುವಂತಿಲ್ಲ. ಇಲ್ಲಿಯೂ ಉಳ್ಳಾಗಡ್ಡಿ ವರ್ತಕನ ಅದೃಷ್ಟ ಸರಿಯಿಲ್ಲ. ತಾಜಾ ಉಳ್ಳಾಗಡ್ಡಿ ತೆರಿಗೆಮುಕ್ತ ಸರಕಾದ್ದರಿಂದ ಅದನ್ನಷ್ಟೇ ಮಾರುವವನಿಗೆ ಜಮೆ ಸಿಗದು. ಮೇಲಿನ ಉದಾಹರಣೆಯ 55,000 ರೂ. ಅವನ ಪಾಲಿಗೆ 64,900 ರೂ. ಆಗಿ, ಹಣ ಮರಳುವ ಅವಧಿ 6 ವರ್ಷ 10 ತಿಂಗಳಿಗೆ ಏರುತ್ತದೆ. ಒಣಮೆಣಸಿನಕಾಯಿ, ಹತ್ತಿ, ಸಿಮೆಂಟ್ ಅಥವಾ ಯಂತ್ರಭಾಗಗಳ ವ್ಯವಹಾರದವರಿಗೆ ಈ ತೊಂದರೆಯಿಲ್ಲ, ರಾಜಿ ತೆರಿಗೆ ಯೋಜನೆಯಲ್ಲಿದ್ದವರನ್ನು ಬಿಟ್ಟು.

ಸ್ಥಳೀಯ ತಯಾರಕರಿಗೆ ಒಂದು ಮಾತು

ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಯಂತ್ರಶಾಲೆಗಳಿಗೆ ಹಲ್ಲುಚಕ್ರ ಕೊರೆಯುವುದು ಹೊಸ ಕೆಲಸವಲ್ಲ. ಎರಕಕ್ಕೆ ಬೆಳಗಾವಿಯ ಫೌಂಡ್ರಿಗಳು ಸಮೀಪದಲ್ಲಿವೆ. ಡಿಫರೆನ್ಷಿಯಲ್‌ನ ಬದಲಿ ಭಾಗಗಳನ್ನು ಇಲ್ಲಿಯೇ ಮಾಡಿಕೊಡುವ ಬೇಡಿಕೆ ಬಂದರೆ ಆಕಾರವನ್ನು ನಕಲು ಮಾಡುವುದು ಸುಲಭ, ಲೋಹವನ್ನು ನಕಲು ಮಾಡುವುದು ಕಷ್ಟ. ಇಂಥ ಚಕ್ರಗಳಿಗೆ ಸಾಮಾನ್ಯವಾಗಿ ಬಳಸುವ 20ಎಂಎನ್‌ಸಿಆರ್5 ಉಕ್ಕಿಗೆ ಇಂಗಾಲ ಊಡಿಸಿ ಹೊರಪದರವನ್ನು ರಾಕ್‌ವೆಲ್ ಅಳತೆಯಲ್ಲಿ 58ರಿಂದ 62ರಷ್ಟು ಗಡಸುಗೊಳಿಸಿ, ಒಳತಿರುಳನ್ನು ಮೆದುವಾಗಿಯೇ ಉಳಿಸಬೇಕು. ಪೂರ್ತಿ ಗಡಸಾದ ಹಲ್ಲು ಮೊದಲ ಆಘಾತಕ್ಕೇ ಮುರಿಯುತ್ತದೆ, ಮೆದುವಾದದ್ದು ಒಂದು ಹಂಗಾಮಿನಲ್ಲಿ ಸವೆಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಉತ್ಪನ್ನದ ದೋಷದಿಂದಾದ ಹಾನಿಗೆ ತಯಾರಕನನ್ನು ನೇರವಾಗಿ ಹೊಣೆ ಮಾಡುತ್ತದೆ. ಪ್ರತಿ ಪಾಕದ ಗಡಸುತನ ಪರೀಕ್ಷೆಯ ವರದಿಯನ್ನು ಬಿಲ್ಲಿನ ಸಂಖ್ಯೆಯೊಂದಿಗೆ ಕಾದಿಡದೆ ಈ ಕ್ಷೇತ್ರಕ್ಕೆ ಇಳಿಯುವುದು ಯಾವ ಸಣ್ಣ ಘಟಕಕ್ಕೂ ತರವಲ್ಲ.

ಹಾಕಿಸುವವರು ಏಪ್ರಿಲ್-ಮೇ ತಿಂಗಳಲ್ಲೇ ಹಾಕಿಸುವುದು ಅನುಕೂಲ. ಕ್ರೌನ್ ಮತ್ತು ಪಿನಿಯನ್ ನಡುವಿನ ಸಂದನ್ನು ಡಯಲ್ ಗೇಜಿನಿಂದ ಅಳೆದು ಕೂರಿಸುವ ಕೆಲಸಕ್ಕೆ ಆತುರ ಒಗ್ಗದು. ಮೊದಲ ಕೆಲವು ನೂರು ಕಿಲೋಮೀಟರ್ ಹಗುರ ಹೊರೆಯಲ್ಲಿ ಓಡಿಸಿ ಆಯಿಲ್ ಬದಲಾಯಿಸಬೇಕಾಗುತ್ತದೆ. ಮುಂಗಾರು ಆರಂಭವಾಗುವ ಮುನ್ನ ಒಂದು ದಿನ ಚಾಲಕನನ್ನು ಖಾಲಿ ವಾಹನದೊಂದಿಗೆ ಒದ್ದೆ ಮೈದಾನಕ್ಕೆ ಕಳುಹಿಸಿ, ತಿರುವಿನಲ್ಲಿ ಹಿಂಭಾಗ ಜಾರುವುದು ಹೇಗಿರುತ್ತದೆ ಎಂಬುದನ್ನು ಕಡಿಮೆ ವೇಗದಲ್ಲಿ ಅನುಭವಕ್ಕೆ ತಂದುಕೊಡುವುದು ಒಳ್ಳೆಯದು. ಆ ದಿನದ ಡೀಸೆಲ್ ವೆಚ್ಚವನ್ನು ವಾಹನ ನಿರ್ವಹಣೆಯ ಖಾತೆಗೇ ಹಾಕಬಹುದು.